ಲಾಜರನ ಕಟ್ಟು ಬಿಚ್ಚುವವರು ಯಾರು?

(ಮಂಡ್ಯದ ಸಭೆಯೊಂದರಲ್ಲಿ ಲೆಂಟ್ ಕಾಲದ ಸಂಜೆಕೂಟದಲ್ಲಿ ನಿವೃತ್ತ ನರ್ಸ್ ಒಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲ, ಅಂದರೆ ಲೆಂಟ್ ಶುರುವಾದರೆ ನಮ್ಮಲ್ಲಿ ಒಂದಷ್ಟು ಗಂಡಸರು ಕುಡಿಯುವುದನ್ನು ಬಿಡುತ್ತಾರೆ. ಬೂದಿ ಬುಧವಾರದಿಂದ ಬಾಟಲಿ ಕಡೆ ತಲೆ ಹಾಕುವುದಿಲ್ಲ. ಈಸ್ಟರ್ ಬೆಳಿಗ್ಗೆ ಆರಾಧನೆಯಲ್ಲಿ ಗಟ್ಟಿಯಾಗಿ ಹಾಡುತ್ತಾರೆ. ಮಧ್ಯಾಹ್ನ ಬಿರಿಯಾನಿ ದಮ್ಮಿಗೆ ಕೂರುವ ಹೊತ್ತಿಗೆ ಯಾರದೋ ಮನೆಯ ಹಿತ್ತಿಲಲ್ಲಿ ಸೇರಿರುತ್ತಾರೆ. ಪಕ್ಕದ ಮನೆಯವರು ಅಯ್ಯಪ್ಪನ ಮಾಲೆ ಹಾಕಿದಾಗಲೂ ಕೆಲವರಲ್ಲಿ ಇದನ್ನೇ ಕಾಣುತ್ತೇವೆ. ಮಾಲೆ ಇರುವಷ್ಟು ದಿನ ಕಟ್ಟುನಿಟ್ಟು, ಬೆಟ್ಟದಿಂದ ಇಳಿದು ಬಂದ ವಾರಕ್ಕೆ ಹಳೇ ಜಾಗ. ಅವರನ್ನು ನೋಡಿ ನಮ್ಮವರು ನಗುವುದನ್ನು ಕೇಳಿದ್ದೇನೆ. ನಗುವ ಯೋಗ್ಯತೆ ನಮಗಿಲ್ಲ.

ಆದರೆ ಈ ನಲವತ್ತು ದಿನದಿಂದ ಒಂದು ಮಾತಂತೂ ಗೊತ್ತಾಗುತ್ತದೆ. ನಿಲ್ಲಿಸುವುದು ಇವರ ಕೈಯಲ್ಲಾಗುತ್ತದೆ. ನಿಲ್ಲಿಸಿದ್ದು ಯಾಕೆ ನಿಲ್ಲುವುದಿಲ್ಲ ಅನ್ನುವುದೇ ಇವತ್ತಿನ ನನ್ನ ವಿಷಯ. ಕುಡಿತದ ಮಾತು ಜಾಸ್ತಿ ಬಂದರೆ ಬೇಸರ ಮಾಡಿಕೊಳ್ಳಬೇಡಿ, ನಾನು ವಾರ್ಡಿನಲ್ಲಿ ಕಂಡದ್ದು ಅದನ್ನೇ. ನಿಮ್ಮ ನಿಮ್ಮ ಗಂಟು ನಿಮಗೆ ಗೊತ್ತು. ಒಬ್ಬರಿಗೆ ಇಸ್ಪೀಟು, ಒಬ್ಬರಿಗೆ ಐಪಿಎಲ್ ಬೆಟ್ಟಿಂಗು, ರಾತ್ರಿ ಹೊದಿಕೆಯೊಳಗಿನ ಮೊಬೈಲು, ಬಾಯಿ ತೆರೆದರೆ ಬರುವ ಸುಳ್ಳು, ಹೆಂಡತಿ ಮೇಲೆ ಎತ್ತುವ ಕೈ. ನಾನು ಹೇಳುವುದನ್ನು ಅವರವರು ಅವರವರ ಗಂಟಿಗೆ ಹಾಕಿ ನೋಡಿಕೊಳ್ಳಿ.

ಬೈಬಲಿನಲ್ಲಿ ರೋಮಾಪುರದವರಿಗೆ ಅಪೊಸ್ತಲ ಪೌಲ ಬರೆದ ಪತ್ರದಲ್ಲಿ 7ನೇ ಅಧ್ಯಾಯ ತೆಗೆಯಿರಿ. ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡುತ್ತಿಲ್ಲ, ಮಾಡಬಾರದೆಂದಿರುವ ಕೆಟ್ಟದ್ದನ್ನೇ ಮಾಡುತ್ತಿದ್ದೇನೆ ಎಂದು ಅಲ್ಲಿ ಗೋಳಾಡುತ್ತಾನೆ. ಇದು ಅವನು ಕ್ರಿಸ್ತನನ್ನು ಅರಿಯುವುದಕ್ಕೆ ಮೊದಲಿನ ಪಾಡೋ ಆಮೇಲಿನದೋ ಎಂದು ಪಂಡಿತರು ಇವತ್ತಿಗೂ ವಾದ ಮಾಡುತ್ತಾರೆ. ನಾನು ಇದನ್ನು ವಾರ್ಡಿನಲ್ಲಿ ಓದಿ ಹೇಳಿದಾಗ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಮದ್ದೂರು ಕಡೆಯವರೊಬ್ಬರು, ಕ್ರೈಸ್ತರಲ್ಲ, ಮಂಚದ ಮೇಲೆ ಎದ್ದು ಕೂತು, "ಯಾರವ್ವಾ ಇದ್ನ ಬರ್ದೋರು? ಅವ್ರೂ ಕುಡೀತಿದ್ರಾ?" ಅಂದರು. ಕುಡೀತಿರಲಿಲ್ಲಪ್ಪ, ಆದರೆ ನಿಮ್ಮ ಕಷ್ಟ ಅವರಿಗೆ ಗೊತ್ತಿತ್ತು ಅಂದೆ.

ಆ ಅಧ್ಯಾಯ ಮುಗಿಯುವುದು ನನ್ನನ್ನು ಬಿಡಿಸುವವರು ಯಾರು ಎಂಬ ಕೂಗಿನಲ್ಲಿ, ಅದರ ಬೆನ್ನಿಗೇ ಕ್ರಿಸ್ತನ ಮೂಲಕ ದೇವರಿಗೆ ಸ್ತೋತ್ರ ಅನ್ನುವುದರಲ್ಲಿ. 8ನೇ ಅಧ್ಯಾಯ ಶುರುವಾಗುವುದು ಕ್ರಿಸ್ತ ಯೇಸುವಿನಲ್ಲಿರುವವರಿಗೆ ಈಗ ಅಪರಾಧನಿರ್ಣಯ ಇಲ್ಲ ಎಂಬ ಮಾತಿನಿಂದ. ಈ ಸಾಲು ಎಲ್ಲಿ ಬಂದಿದೆ ನೋಡಿ. ಮನುಷ್ಯ ಇನ್ನೂ ಒದ್ದಾಡುತ್ತಿದ್ದಾನೆ, ಅವನ ಅಭ್ಯಾಸ ಇನ್ನೂ ಬಿಟ್ಟಿಲ್ಲ, ಅಷ್ಟರಲ್ಲೇ ತೀರ್ಪು ಬಂದುಬಿಟ್ಟಿದೆ. ನಾವು ಇದನ್ನು ತಿರುವುಮುರುವು ಮಾಡಿದ್ದೇವೆ. ಮೊದಲು ಸರಿ ಹೋಗು, ಆಮೇಲೆ ದೇವರು ಒಪ್ಪಿಕೊಳ್ಳುತ್ತಾರೆ ಅನ್ನುತ್ತೇವೆ. ಸರಿ ಹೋಗುವುದಕ್ಕೆ ಬೇಕಾದ ಬಲ ಬರುವುದೇ ಒಪ್ಪಿಕೊಂಡರು ಅನ್ನುವ ಭರವಸೆಯಿಂದ.

ಹಾಗಾದರೆ ಒಪ್ಪಿಕೊಂಡ ಮೇಲೂ ಅಭ್ಯಾಸ ಯಾಕೆ ಉಳಿಯುತ್ತದೆ? ಇದಕ್ಕೆ ನನಗೆ ಸಿಕ್ಕ ಉತ್ತರ ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿದೆ. ಬೇಥಾನ್ಯದ ಲಾಜರ ಸತ್ತು ನಾಲ್ಕು ದಿನವಾಗಿದೆ. ಯೇಸುಸ್ವಾಮಿ ಕೂಗಿ ಕರೆಯುತ್ತಾರೆ. ಸತ್ತವನು ಹೊರಗೆ ಬರುತ್ತಾನೆ. ಹೇಗೆ ಬರುತ್ತಾನೆ? ಕೈಕಾಲಿಗೆ ಬಟ್ಟೆ ಸುತ್ತಿದೆ, ಮುಖಕ್ಕೂ ಬಟ್ಟೆ ಕಟ್ಟಿದೆ. ಪ್ರಾಣ ಬಂದಿದೆ, ನೆಟ್ಟಗೆ ನಡೆಯಲು ಆಗುತ್ತಿಲ್ಲ. ಸತ್ತವನನ್ನೇ ಎಬ್ಬಿಸಿದ ಸ್ವಾಮಿಗೆ ಆ ಬಟ್ಟೆ ಬಿಚ್ಚುವುದು ಕಷ್ಟವಿತ್ತೇ? ಆದರೆ ಅವರು ಅಲ್ಲಿ ನಿಂತಿದ್ದ ಜನಕ್ಕೆ ಹೇಳುತ್ತಾರೆ, ಅವನನ್ನು ಬಿಚ್ಚಿರಿ, ಹೋಗಲಿ ಅಂತ.

ಪ್ರಾಣ ಕೊಡುವ ಕೆಲಸ ದೇವರದ್ದು, ಅದು ಒಂದು ಕೂಗಿಗೆ ಆಯಿತು. ಕಟ್ಟು ಬಿಚ್ಚುವ ಕೆಲಸ ಸುತ್ತ ಇದ್ದವರದ್ದು, ಅದಕ್ಕೆ ಹೊತ್ತು ಹಿಡಿಯುತ್ತದೆ, ವಾಸನೆಯೂ ಬಡಿಯುತ್ತದೆ. ಮಾರ್ಥಳು ಮೊದಲೇ ಹೇಳಿದ್ದಳಲ್ಲ, ನಾತ ಬರುತ್ತದೆ ಸ್ವಾಮಿ ಅಂತ. ಪಾಪಕ್ಷಮೆಯನ್ನೂ ಅಭ್ಯಾಸದ ಬಿಡುಗಡೆಯನ್ನೂ ನಮ್ಮ ಸಭೆಗಳು ಒಂದೇ ಮಾಡಿಬಿಟ್ಟಿವೆ. ಉಜ್ಜೀವನ ಕೂಟದಲ್ಲಿ ಕೈ ಎತ್ತಿ ಕ್ರಿಸ್ತನನ್ನು ಒಪ್ಪಿಕೊಂಡವನು ಮೂರು ತಿಂಗಳ ಮೇಲೆ ಬಿದ್ದರೆ, ಇವನಿಗೆ ರಕ್ಷಣೆಯೇ ಆಗಿರಲಿಲ್ಲ ಅನ್ನುತ್ತೇವೆ. ಅವನು ಹಿಂದಿನ ಬೆಂಚಿಗೆ ಹೋಗುತ್ತಾನೆ, ಅಲ್ಲಿಂದ ಬಾಗಿಲಿಗೆ, ಆಮೇಲೆ ಬರುವುದೇ ಇಲ್ಲ.

ಸಾಕ್ಷಿ ಹೇಳುವವರ ಬಗ್ಗೆಯೂ ಒಂದು ಮಾತು. "ಆ ದಿನ ಪ್ರಾರ್ಥನೆ ಮಾಡಿದೆ, ಇವತ್ತಿನವರೆಗೂ ಮುಟ್ಟಿಲ್ಲ" ಎಂಬ ಸಾಕ್ಷಿಗಳು ಸುಳ್ಳಲ್ಲ, ಅಂಥವರನ್ನು ನಾನೂ ಕಂಡಿದ್ದೇನೆ. ಆದರೆ ವೇದಿಕೆ ಮೇಲೆ ಅಂಥ ಸಾಕ್ಷಿಗಳನ್ನಷ್ಟೇ ಹೇಳಿಸುತ್ತಾ ಹೋದರೆ, ಬೀಳುತ್ತಾ ಏಳುತ್ತಾ ಇರುವವನು ತಾನೊಬ್ಬನೇ ಹೀಗೆ ಅಂದುಕೊಳ್ಳುತ್ತಾನೆ. "ಹೋದ ತಿಂಗಳು ಎರಡು ಸಲ ಬಿದ್ದೆ, ಮೂರನೇ ಸಲ ಪಾಸ್ಟರ್ ಅಯ್ಯನವರಿಗೆ ಫೋನ್ ಮಾಡಿದೆ" ಅನ್ನುವ ಸಾಕ್ಷಿಯನ್ನು ಯಾವತ್ತಾದರೂ ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಈಗ ಸಂತ ಅಗಸ್ಟೀನರ ಕಥೆಗೆ ಬರುತ್ತೇನೆ. ಕ್ರಿ.ಶ. 354ರಲ್ಲಿ ಈಗಿನ ಅಲ್ಜೀರಿಯಾದಲ್ಲಿ ಹುಟ್ಟಿದವರು. ಅಭ್ಯಾಸ ಹೇಗೆ ಕಟ್ಟುತ್ತದೆ ಎಂಬುದನ್ನು ಅವರಷ್ಟು ಬಿಚ್ಚಿ ಹೇಳಿದವರು ಕಡಿಮೆ. ತಮ್ಮ ಜೀವನವನ್ನೇ ದೇವರ ಮುಂದೆ ನಿವೇದಿಸಿಕೊಂಡು ಬರೆದ ಪುಸ್ತಕದಲ್ಲಿ ಒಂದು ಸರಪಳಿಯ ಮಾತು ಹೇಳುತ್ತಾರೆ. ಅಡ್ಡದಾರಿ ಹಿಡಿದ ಇಚ್ಛೆಯಿಂದ ಆಸೆ ಹುಟ್ಟಿತು, ಆಸೆಗೆ ಮಣಿದು ಮಣಿದು ಅಭ್ಯಾಸವಾಯಿತು, ತಡೆಯದೆ ಬಿಟ್ಟ ಅಭ್ಯಾಸ ಕೊನೆಗೆ ಇಲ್ಲದಿದ್ದರೆ ಆಗುವುದೇ ಇಲ್ಲ ಎಂಬಲ್ಲಿಗೆ ತಂದಿತು. ಕಬ್ಬಿಣ ಬೇರೆಯವರದ್ದಲ್ಲ, ನನ್ನ ಇಚ್ಛೆಯೇ ನನ್ನನ್ನು ಕಟ್ಟಿದ ಕಬ್ಬಿಣ ಅನ್ನುತ್ತಾರೆ. ಯೌವನದಲ್ಲಿ ತಾವು ಮಾಡುತ್ತಿದ್ದ ಪ್ರಾರ್ಥನೆಯನ್ನೂ ಮುಚ್ಚಿಡದೆ ಹೇಳಿದ್ದಾರೆ: ಸ್ವಾಮಿ, ನನಗೆ ಶುದ್ಧ ನಡತೆ ಕೊಡು, ಆದರೆ ಈಗಲೇ ಬೇಡ. ನಗಬೇಡಿ, ನಮ್ಮ ಅರ್ಧ ಪ್ರಾರ್ಥನೆಗಳು ಇಂಥವೇ.

ಅವರ ಸ್ನೇಹಿತ ಅಲಿಪಿಯಸ್. ರೋಮಿನಲ್ಲಿ ಮನುಷ್ಯರನ್ನು ಮನುಷ್ಯರೇ ಕೊಲ್ಲುವ ಕಾಳಗದ ಆಟಗಳು ನಡೆಯುತ್ತಿದ್ದವು. ಇವನಿಗೆ ಅದನ್ನು ಕಂಡರೆ ಅಸಹ್ಯ. ಒಂದು ದಿನ ಜೊತೆಯ ಹುಡುಗರು ಎಳೆದುಕೊಂಡು ಹೋದರು. ನನ್ನ ಮೈಯನ್ನು ಕೂರಿಸಬಹುದು, ಕಣ್ಣನ್ನು ತೆರೆಸಲಾರಿರಿ ಎಂದು ಇವನು ಕಣ್ಣು ಮುಚ್ಚಿ ಕೂತ. ಕಿವಿ ಮುಚ್ಚಿರಲಿಲ್ಲ. ಜನ ಒಮ್ಮೆಲೇ ಹೋ ಎಂದಾಗ ಏನಾಯಿತೆಂದು ಕಣ್ಣು ತೆರೆದ. ಅಷ್ಟೇ, ಸಿಕ್ಕಿಬಿದ್ದ. ಆಮೇಲೆ ಬೇರೆಯವರನ್ನು ಎಳೆದುಕೊಂಡು ಹೋಗುವವನು ಇವನೇ ಆದ. ಯೌವನಸ್ಥರು ಇಲ್ಲಿ ಕೂತಿದ್ದೀರಿ, ನಿಮಗೆ ಹೇಳುತ್ತಿದ್ದೇನೆ: ನಾನು ನೋಡುವುದಿಲ್ಲ ಎಂದು ತೀರ್ಮಾನ ಮಾಡಿ ಆ ಮೊಬೈಲನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವುದು ಅಲಿಪಿಯಸ್ ಕಣ್ಣು ಮುಚ್ಚಿಕೊಂಡು ಕೂತ ಹಾಗೆಯೇ. ಬಲಗಣ್ಣು ಪಾಪಕ್ಕೆ ಎಳೆದರೆ ಅದನ್ನು ಕಿತ್ತು ಬಿಸಾಡು ಅಂದರು ಯೇಸುಸ್ವಾಮಿ. ಯಾರೂ ಕಣ್ಣು ಕೀಳಬೇಡಿ. ಚಾರ್ಜರನ್ನು ನಡುಮನೆಗೆ ಹಾಕಿ, ಫೋನು ರಾತ್ರಿ ಅಲ್ಲೇ ಮಲಗಲಿ.

ಅಗಸ್ಟೀನರ ತಾಯಿ ಮೋನಿಕಮ್ಮನ ಒಂದು ಪ್ರಸಂಗವಿದೆ. ನಮ್ಮ ಚರ್ಚಿನ ಬೋಧನೆಗಳಲ್ಲಿ ಆಕೆ ಯಾವಾಗಲೂ ಮಗನಿಗಾಗಿ ಅಳುವ ತಾಯಿ. ಆದರೆ ಹುಡುಗಿಯಾಗಿದ್ದಾಗ ಆಕೆಗೂ ಚಟ ಹತ್ತಿಕೊಂಡಿತ್ತು ಎಂದು ಮಗನೇ ಬರೆದಿದ್ದಾರೆ. ಪೀಪಾಯಿಯಿಂದ ದ್ರಾಕ್ಷಾರಸ ತರಲು ಮನೆಯವರು ಕಳಿಸುತ್ತಿದ್ದರು. ಮೊದಮೊದಲು ತುಟಿಗೆ ತಾಗಿಸಿದಳು, ಬರಬರುತ್ತಾ ಲೋಟಗಟ್ಟಲೆ ಆಯಿತು. ಯಾರಿಗೂ ಗೊತ್ತಿಲ್ಲ, ಜೊತೆಗೆ ಹೋಗುತ್ತಿದ್ದ ಕೆಲಸದ ಹುಡುಗಿಗೆ ಬಿಟ್ಟು. ಒಂದು ದಿನ ಇಬ್ಬರಿಗೂ ಜಗಳವಾಗಿ ಆ ಹುಡುಗಿ ಮುಖಕ್ಕೆ ಹೊಡೆದ ಹಾಗೆ "ಕುಡುಕಿ" ಅಂದಳು. ಮೋನಿಕಾಳಿಗೆ ತಾನು ಏನಾಗಿದ್ದೇನೆಂದು ಆಗ ಕಂಡಿತು, ಬಿಟ್ಟಳು. ಆ ಹುಡುಗಿ ಒಳ್ಳೆಯದು ಮಾಡಲು ಹೇಳಿದ್ದಲ್ಲ, ಚುಚ್ಚಲು ಹೇಳಿದ್ದು. ದೇವರು ಅದನ್ನೂ ಬಳಸಿಕೊಂಡ ಎನ್ನುತ್ತಾರೆ ಮಗ. ಇದರ ಮೇಲೆ ನಾಳೆಯಿಂದ ಎಲ್ಲರನ್ನೂ ಬೈಯಲು ಶುರು ಮಾಡಬೇಡಿ! ನಾನು ಹೇಳಹೊರಟದ್ದು, ಒಬ್ಬರಿಗೆ ಗೊತ್ತಿತ್ತು ಅನ್ನುವುದು. ಒಬ್ಬರಿಗಾದರೂ ಗೊತ್ತಿದ್ದರಿಂದ ಆ ಅಭ್ಯಾಸಕ್ಕೆ ಒಂದು ಕೊನೆ ಬಂತು.

ಕ್ರಿ.ಶ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅಗಸ್ಟೀನರಿಗೆ ಮಾನಸಾಂತರವಾಯಿತು, ಮುಂದಿನ ವರ್ಷ ಈಸ್ಟರ್‌ನಲ್ಲಿ ಬಿಷಪ್ ಆಂಬ್ರೋಸರಿಂದ ದೀಕ್ಷಾಸ್ನಾನ. ಇಲ್ಲಿಗೆ ಎಲ್ಲರೂ ಪುಸ್ತಕ ಮುಚ್ಚುತ್ತಾರೆ. ಮುಂದಕ್ಕೆ ಓದಿ. ಹತ್ತು ವರ್ಷದ ಮೇಲೆ, ತಾವೇ ಬಿಷಪ್ ಆದಮೇಲೆ ಬರೆಯುತ್ತಾ, ಹಳೆಯ ಅಭ್ಯಾಸದ ಚಿತ್ರಗಳು ಕನಸಿನಲ್ಲಿ ಈಗಲೂ ಬರುತ್ತವೆ, ಊಟದ ಎಲೆಯ ಮುಂದೆ ಹಸಿವು ಎಲ್ಲಿ ಮುಗಿಯಿತು ಆಸೆ ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಸಂತರಿಗೂ ಕಟ್ಟು ಪೂರ್ತಿ ಬಿಚ್ಚಿರಲಿಲ್ಲ.

ಮಂಡ್ಯದಲ್ಲಿ ನಿಂತು ಕಬ್ಬಿನ ಮಾತಾಡದಿದ್ದರೆ ಹೇಗೆ. ಕಬ್ಬು ಕಡಿದ ಮೇಲೆ ಗದ್ದೆ ಖಾಲಿ ಕಾಣುತ್ತದೆ. ನೀರು ಬಿಟ್ಟರೆ ಸಾಕು, ಬಿತ್ತನೆ ಬೇಕಿಲ್ಲ, ಅದೇ ಬುಡದಿಂದ ಕೂಳೆ ಚಿಗುರುತ್ತದೆ. ಭತ್ತ ಬೇಕು ಅನ್ನುವ ರೈತ ಕಬ್ಬನ್ನು ಇನ್ನೊಂದು ಸಲ ಕಡಿದು ಸುಮ್ಮನಾಗುವುದಿಲ್ಲ. ಬುಡ ಅಗೆಸುತ್ತಾನೆ, ಉಳುತ್ತಾನೆ, ಬೇರೆ ಪೈರು ಇಡುತ್ತಾನೆ. ನಮ್ಮ ಲೆಂಟ್ ಉಪವಾಸ ಕಟಾವಷ್ಟೇ. ನಲವತ್ತು ದಿನ ಖಾಲಿಯಾದ ಸಾಯಂಕಾಲಕ್ಕೆ ಏನು ಇಟ್ಟಿರಿ?

ಯೇಸುಸ್ವಾಮಿ ಹೇಳಿದ ಒಂದು ಕಥೆ ಮತ್ತಾಯ 12ರಲ್ಲೂ ಲೂಕ 11ರಲ್ಲೂ ಇದೆ. ಅಶುದ್ಧಾತ್ಮವೊಂದು ಒಬ್ಬನನ್ನು ಬಿಟ್ಟು ಹೋಗುತ್ತದೆ. ತಿರುಗಿ ಬಂದು ನೋಡಿದರೆ ಮನೆ ಗುಡಿಸಿದೆ, ಒಪ್ಪವಾಗಿದೆ, ಆದರೆ ಒಳಗೆ ಯಾರೂ ಇಲ್ಲ. ಹೋಗಿ ತನಗಿಂತ ಕೆಟ್ಟ ಏಳು ಆತ್ಮಗಳನ್ನು ಕರೆದುಕೊಂಡು ಬರುತ್ತದೆ. ಗುಡಿಸಿದ್ದು ತಪ್ಪಲ್ಲ, ಖಾಲಿ ಬಿಟ್ಟದ್ದು ತಪ್ಪು. ನಮ್ಮ ರಾಜ್ಯದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು, ನೆನಪಿರಬಹುದು. ಹೆಂಗಸರೆಲ್ಲ ದೇವರೇ ಕಣ್ಣು ಬಿಟ್ಟ ಅಂದರು. ಪಾಕೆಟ್ ಸಾರಾಯಿ ನಿಜವಾಗಿಯೂ ಹೋಯಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂತು, ಕುಡಿಯುವವರು ಅಂಗಡಿ ಬದಲಾಯಿಸಿದರು. ಕಾನೂನು ಬೇಡ ಅನ್ನುತ್ತಿಲ್ಲ. ಕಾನೂನು ಅಂಗಡಿ ಮುಚ್ಚಿಸಬಲ್ಲದು, ಸಂಜೆ ಆರೂವರೆಯ ಹೊತ್ತನ್ನು ತುಂಬಿಸಲಾರದು.

ಆ ಹೊತ್ತಿನ ಬಗ್ಗೆ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು ಬಲ್ಲವರಾಗಿದ್ದರು. 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಎಂಬುವರು ಮನುಷ್ಯನನ್ನು ಕಾಡುವ ಎಂಟು ಬಗೆಯ ಯೋಚನೆಗಳನ್ನು ಪಟ್ಟಿ ಮಾಡಿದರು. ಮುಂದೆ ಏಳು ಮೂಲಪಾಪಗಳ ಪಟ್ಟಿ ಬಂದದ್ದು ಅದರಿಂದಲೇ. ಅವುಗಳಲ್ಲಿ ತುಂಬಾ ಕಾಡುವುದು ನಡುಹಗಲ ಬೇಸರ ಅನ್ನುತ್ತಾರೆ. ಸನ್ಯಾಸಿ ಕಿಟಕಿಯಿಂದ ಇಣುಕುತ್ತಾನೆ, ಹೊತ್ತು ಎಷ್ಟಾಯಿತೆಂದು ಸೂರ್ಯನನ್ನು ನೋಡುತ್ತಾನೆ, ಯಾರಾದರೂ ಬರಬಾರದೇ ಅಂದುಕೊಳ್ಳುತ್ತಾನೆ. ಇವತ್ತಿಗಾದರೆ ಮೊಬೈಲ್ ತೆಗೆಯುತ್ತಿದ್ದ. ದೊಡ್ಡ ದುಃಖದಲ್ಲಿ ಬೀಳುವವರಿಗಿಂತ ಏನೂ ಕೆಲಸವಿಲ್ಲದ ಭಾನುವಾರ ಮಧ್ಯಾಹ್ನ ಬೀಳುವವರೇ ಹೆಚ್ಚು ಅಂತ ನನಗೂ ಅನ್ನಿಸಿದೆ.

ಇನ್ನು ಮೈಯ ವಿಚಾರ. ಇದನ್ನು ನರ್ಸ್ ಆಗಿ ಹೇಳುತ್ತಿದ್ದೇನೆ, ದಯವಿಟ್ಟು ಗಮನ ಕೊಡಿ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು, ಗೋಡೆ ಮೇಲೆ ಹುಳು ಹರಿದ ಹಾಗಾಗುವುದು, ಯಾರನ್ನೂ ಗುರುತಿಸದಿರುವುದು ಆಗಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಉಪವಾಸ ಕೂಟದಲ್ಲಿ ಬಾಟಲಿ ಬಿಸಾಡಿ ಬಂದವನಿಗೆ ಮೂರನೇ ರಾತ್ರಿ ಹೀಗಾದಾಗ ದೆವ್ವ ಬಂತು ಎಂದು ಎಣ್ಣೆ ಹಚ್ಚಿ, ಕೂಗಿ ಕೂಗಿ ಪ್ರಾರ್ಥನೆ ಮಾಡಿ, ನಾಲ್ಕನೇ ದಿನ ಆಟೋದಲ್ಲಿ ಹಾಕಿಕೊಂಡು ಬರುವವರನ್ನು ಕಂಡಿದ್ದೇನೆ. ಪ್ರಾರ್ಥನೆ ಮಾಡಿ, ಆಟೋದಲ್ಲೇ ಮಾಡಿ, ಆದರೆ ಮೊದಲ ದಿನವೇ ಆಸ್ಪತ್ರೆಗೆ ಬನ್ನಿ. ನಡುಕ ತಗ್ಗಿಸುವ ಮಾತ್ರೆ ಇದೆ, ಬಿ1 ಚುಚ್ಚುಮದ್ದು ಇದೆ, ಡಾಕ್ಟರ ಕಣ್ಣೆದುರಿಗೆ ನಿಲ್ಲಿಸಬಹುದು. ನಮ್ಮ ಜಿಲ್ಲಾಸ್ಪತ್ರೆಗಾಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಗಾಗಲಿ ಹೋಗಲು ನಾಚಿಕೆ ಬೇಡ. ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಅಂತ ಯಾರಾದರೂ ಅಂದರೆ, ಪೌಲನ ಜೊತೆ ಓಡಾಡಿದ ಲೂಕ ವೈದ್ಯನಾಗಿದ್ದ ಎಂದು ನೆನಪು ಮಾಡಿ.

ಹೆಂಡತಿಯರ ಮಾತು ವಿಷಯಕ್ಕೆ ಹೊರಗಿನದು ಅನ್ನಿಸಬಹುದು, ಆದರೂ ಹೇಳುತ್ತೇನೆ. ಗಂಡ ಹೊಡೆದು ಮುಖ ಊದಿಸಿಕೊಂಡು ಬಂದವಳಿಗೆ, "ಇನ್ನೂ ಪ್ರಾರ್ಥನೆ ಮಾಡಮ್ಮ, ಮೋನಿಕಮ್ಮ ಎಷ್ಟು ವರ್ಷ ಅತ್ತಳು" ಅಂತ ಬುದ್ಧಿ ಹೇಳಿ ಕಳಿಸುತ್ತೇವೆ. ಇದು ದೊಡ್ಡ ಪಾಪ, ನಮ್ಮ ಪಾಪ. ಕ್ಷಮಿಸುವುದು ಬೇರೆ, ಹೊಡೆತಕ್ಕೆ ಬೆನ್ನು ಕೊಡುತ್ತಾ ಇರುವುದು ಬೇರೆ. ಅವಳು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದರೆ ಅವಳ ವಿಶ್ವಾಸಕ್ಕೆ ಏನೂ ಕುಂದಿಲ್ಲ. ಅವನ ಸಾಲ ತೀರಿಸುವುದು, ಅವನ ಪರವಾಗಿ ಆಫೀಸಿಗೆ ಜ್ವರ ಅಂತ ಫೋನ್ ಮಾಡುವುದು ಪ್ರೀತಿಯೇ ಇರಬಹುದು, ಕಟ್ಟು ಮಾತ್ರ ಬಿಗಿಯಾಗುತ್ತದೆ.

ಅಭ್ಯಾಸ ಬಿಟ್ಟ ಒಬ್ಬ ಸಾಮಾನ್ಯ ಮನುಷ್ಯನ ಕಥೆ ಹೇಳುತ್ತೇನೆ. ಮ್ಯಾಟ್ ಟಾಲ್ಬಟ್, ಐರ್ಲೆಂಡಿನ ಡಬ್ಲಿನ್ ನಗರದ ಕೂಲಿ. 1856ರಲ್ಲಿ ಹುಟ್ಟಿದವನು. ಹನ್ನೆರಡನೇ ವಯಸ್ಸಿಗೇ ಮದ್ಯದ ವ್ಯಾಪಾರಿಯ ಹತ್ತಿರ ಕೆಲಸಕ್ಕೆ ಸೇರಿ ಅಲ್ಲೇ ಕುಡಿತ ಕಲಿತ. 28ನೇ ವಯಸ್ಸಿಗೆ, 1884ರಲ್ಲಿ, ಒಂದು ದಿನ ಕೈಯಲ್ಲಿ ಕಾಸಿಲ್ಲದೆ ಹೆಂಡದಂಗಡಿ ಮುಂದೆ ನಿಂತಿದ್ದ. ಸ್ನೇಹಿತರು ಒಳಗೆ ಕರೆದು ಕೊಡಿಸುತ್ತಾರೆ ಅಂದುಕೊಂಡ. ಯಾರೂ ಕರೆಯಲಿಲ್ಲ. ಮನೆಗೆ ಹೋಗಿ ತಾಯಿಗೆ ಬಿಡುತ್ತೇನೆ ಅಂದ, ಪಾದ್ರಿಗಳ ಮುಂದೆ ಪ್ರತಿಜ್ಞೆ ಮಾಡಿದ. ಜೀವನಪೂರ್ತಿ ಅಂತ ಮಾಡಲಿಲ್ಲ, ಮೂರು ತಿಂಗಳಿಗೆ ಮಾಡಿದ. ಮುಗಿದ ಮೇಲೆ ಮತ್ತೆ ಮುಂದುವರಿಸಿದ, ಕೊನೆಗೆ ಪೂರ್ತಿ. ದಿನಾ ಬೆಳಗಿನ ಜಾವ ಕೆಲಸಕ್ಕೆ ಮೊದಲು ಚರ್ಚಿನ ಪೂಜೆಗೆ ಹೋಗುತ್ತಿದ್ದ. ಮುಂಚೆ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ಸಂಜೆಗಳನ್ನು ಪ್ರಾರ್ಥನೆಯಲ್ಲಿ, ಓದಿನಲ್ಲಿ ಕಳೆದ. ಜೇಬಿನಲ್ಲಿ ಕಾಸು ಇಟ್ಟುಕೊಂಡು ತಿರುಗುವುದನ್ನೇ ಬಿಟ್ಟ. ಕಾಸು ಇದ್ದರೆ ಕಾಲು ತಾನಾಗಿ ಎಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. 1925ರಲ್ಲಿ ಪೂಜೆಗೆ ಹೋಗುವ ದಾರಿಯಲ್ಲೇ ಕುಸಿದು ತೀರಿಕೊಳ್ಳುವವರೆಗೆ ಮತ್ತೆ ಮುಟ್ಟಲಿಲ್ಲ.

ಇವನ ಬಗ್ಗೆ ನನಗೆ ಮೆಚ್ಚಿಕೆಯಾಗುವ ಇನ್ನೊಂದು ಸಂಗತಿ ಇದೆ. ಕುಡಿಯುತ್ತಿದ್ದ ಕಾಲದಲ್ಲಿ ಬೀದಿಯಲ್ಲಿ ಪಿಟೀಲು ಬಾರಿಸಿ ಬದುಕುತ್ತಿದ್ದವನೊಬ್ಬನ ಪಿಟೀಲು ಕದ್ದು ಮಾರಿ ಕುಡಿದಿದ್ದರು, ಇವನೂ ಇವನ ಜೊತೆಯವರೂ. ಬಿಟ್ಟ ಮೇಲೆ ಆ ಮನುಷ್ಯನನ್ನು ಊರೆಲ್ಲಾ ಹುಡುಕಿದ. ಸಿಗಲಿಲ್ಲ. ಕೊನೆಗೆ ಆ ಹಣವನ್ನು ಅವನ ಆತ್ಮಕ್ಕಾಗಿ ಪೂಜೆ ಮಾಡಿಸಲು ಕೊಟ್ಟ. ಬೈಬಲಿನ ಜಕ್ಕಾಯ ನೆನಪಾಗುವುದಿಲ್ಲವೇ? ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಕೊಡುತ್ತೇನೆ ಅಂದವನು. ನಾವು ದೇವರ ಹತ್ತಿರ ಕ್ಷಮೆ ಕೇಳಿ ಮುಗಿಸುತ್ತೇವೆ, ಚೀಟಿ ದುಡ್ಡು ಕಳೆದುಕೊಂಡ ಪಕ್ಕದ ಮನೆಯಾಕೆಯ ಹತ್ತಿರ ಕೇಳುವುದಿಲ್ಲ.

ಈಗ ಬಿಚ್ಚುವವರ ವಿಷಯ. ಕಥೋಲಿಕ ಸಭೆಯಲ್ಲಿ ಪಾಪನಿವೇದನೆ ಇದೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ಫಾದರ್ ಮುಂದೆ ಮೊಣಕಾಲೂರಿ ಹೇಳಿದ್ದನ್ನು ಅವರು ಪ್ರಾಣ ಹೋದರೂ ಹೊರಗೆ ಬಿಡುವ ಹಾಗಿಲ್ಲ, ಅದು ಅವರ ಸಭೆಯ ಕಾನೂನು. ಪ್ರೊಟೆಸ್ಟೆಂಟರಾದ ನಮಗೆ ಅದು ಬೇಡ, ನಾವು ನೇರವಾಗಿ ದೇವರಿಗೇ ಹೇಳುತ್ತೇವೆ ಅಂದೆವು. ಒಳ್ಳೆಯದೇ. ಆದರೆ ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿರಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಎಂದು ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿ ಇದೆಯಲ್ಲ, ಅದನ್ನು ಏನು ಮಾಡಿದೆವು?

ನಮ್ಮ ಮೂಲ ಹೀಗಿರಲಿಲ್ಲ. ಮೈಸೂರು ಸೀಮೆಯಲ್ಲಿ ನಮ್ಮ ಸಭೆಗಳನ್ನು ಕಟ್ಟಿದವರು ವೆಸ್ಲಿಯನ್ ಮಿಷನ್ನಿನವರು. 1947ರಲ್ಲಿ ದಕ್ಷಿಣ ಭಾರತ ಸಭೆಗೆ ಸೇರಿಕೊಂಡೆವು, ಆದರೂ ಮೈಸೂರಿನ ಕೆಥೆಡ್ರಲ್ಲಿಗೆ ಇವತ್ತಿಗೂ ವೆಸ್ಲಿಯವರದೇ ಹೆಸರು. ಮೆಥಡಿಸ್ಟ್ ಪಂಗಡ ಶುರು ಮಾಡಿದ ಇಂಗ್ಲೆಂಡಿನ ಪಾದ್ರಿ ಆ ಜಾನ್ ವೆಸ್ಲಿ 1738ರ ಡಿಸೆಂಬರ್‌ನಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ನಿಯಮ ಬರೆದರು. ವಾರಕ್ಕೆ ಒಮ್ಮೆಯಾದರೂ ಸೇರಬೇಕು. ಹೇಳಿದ ಹೊತ್ತಿಗೆ ಸರಿಯಾಗಿ ಬರಬೇಕು. ಒಬ್ಬರು ಮೊದಲು ತಮ್ಮ ಸ್ಥಿತಿಯನ್ನು ಹೇಳಿಕೊಂಡು ಆಮೇಲೆ ಉಳಿದವರನ್ನು ಕೇಳಬೇಕು. ಕೇಳಬೇಕಾದ ಪ್ರಶ್ನೆಗಳೂ ಇದ್ದವು: ಹಿಂದಿನ ಸಲ ಸೇರಿದ ಮೇಲೆ ತಿಳಿದೂ ಮಾಡಿದ ಪಾಪ ಯಾವುದು? ಯಾವ ಶೋಧನೆ ಬಂತು? ಅದರಿಂದ ಹೇಗೆ ಪಾರಾದಿರಿ? ಪಾಪವೋ ಅಲ್ಲವೋ ಎಂದು ಅನುಮಾನವಿರುವ ಯಾವುದನ್ನಾದರೂ ಯೋಚಿಸಿದಿರಾ, ಆಡಿದಿರಾ, ಮಾಡಿದಿರಾ? ಇವನ್ನು ನಮ್ಮ ಬುಧವಾರದ ಪ್ರಾರ್ಥನಾಕೂಟದಲ್ಲಿ ಕೇಳಿ ನೋಡಿ. ಮುಂದಿನ ಬುಧವಾರ ಎಷ್ಟು ಜನ ಬರುತ್ತಾರೋ!

ಯಾಕೆ ಬರುವುದಿಲ್ಲ ಅಂತಲೂ ನನಗೆ ಗೊತ್ತು. ನಮ್ಮಲ್ಲಿ ಚಾಡಿಗೆ ಪ್ರಾರ್ಥನಾ ವಿನಂತಿ ಅಂತ ಇನ್ನೊಂದು ಹೆಸರಿದೆ. "ಆ ಅಣ್ಣನಿಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಿ, ಮತ್ತೆ ಶುರು ಮಾಡ್ಕೊಂಡಿದ್ದಾರಂತೆ" ಎಂದು ಒಬ್ಬರು ಹೇಳಿದರೆ, ಸಂಜೆಯೊಳಗೆ ಗುತ್ತಲು ರಸ್ತೆಯಿಂದ ಕಲ್ಲಹಳ್ಳಿವರೆಗೆ ಎಲ್ಲರೂ ಪ್ರಾರ್ಥನೆಯಲ್ಲಿರುತ್ತಾರೆ. ಆದ್ದರಿಂದ ಎಲ್ಲರ ಮುಂದೆ ಹೇಳಿ ಅನ್ನುತ್ತಿಲ್ಲ. ಬಾಯಿ ಗಟ್ಟಿ ಇರುವ ಒಬ್ಬರನ್ನು, ಇಬ್ಬರನ್ನು ಆರಿಸಿಕೊಳ್ಳಿ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ವೆಸ್ಲಿಯವರ ಗುಂಪುಗಳಲ್ಲೂ ಹಾಗೇ ಇತ್ತು.

ಇದನ್ನು ಇವತ್ತು ಚೆನ್ನಾಗಿ ಮಾಡುತ್ತಿರುವವರು ಸಭೆಯ ಹೊರಗಿದ್ದಾರೆ. 1935ರಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನವರು ವ್ಯವಹಾರಕ್ಕೆಂದು ಅಮೆರಿಕದ ಆಕ್ರನ್ ಎಂಬ ಊರಿಗೆ ಬಂದು, ಅದು ಕೆಟ್ಟುಹೋಗಿ ಹೋಟೆಲಿನಲ್ಲಿ ಒಬ್ಬರೇ ನಿಂತಿದ್ದರು. ಕುಡಿತ ಬಿಟ್ಟು ಇನ್ನೂ ತಿಂಗಳುಗಳಷ್ಟೇ ಆಗಿತ್ತು. ಒಂದು ಕಡೆ ಬಾರು, ಇನ್ನೊಂದು ಕಡೆ ಊರಿನ ಚರ್ಚುಗಳ ಪಟ್ಟಿ ಮತ್ತು ಫೋನು. ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿದರು. ಕೇಳಿದ್ದು ಏನು ಗೊತ್ತೇ? ನನಗೊಬ್ಬ ಕುಡುಕ ಬೇಕು, ಅವನ ಜೊತೆ ಮಾತಾಡಬೇಕು ಅಂತ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಅವರೂ ಕುಡಿತದಲ್ಲಿ ಮುಳುಗಿದ್ದವರು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಆ ಜೂನ್ 10ರಂದು ಡಾಕ್ಟರ್ ಬಾಬ್ ಕೊನೆಯ ಸಲ ಕುಡಿದರು. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಆ ದಿನವನ್ನೇ ತನ್ನ ಹುಟ್ಟಿದ ದಿನ ಅನ್ನುತ್ತದೆ. ಆ ಇಬ್ಬರೂ ಆಗ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದಲ್ಲಿದ್ದವರು. ಮಾಡಿದ ತಪ್ಪನ್ನು ದೇವರಿಗೂ ತನಗೂ ಇನ್ನೊಬ್ಬ ಮನುಷ್ಯನಿಗೂ ಒಪ್ಪಿಸುವುದು, ಕೆಟ್ಟದ್ದನ್ನು ಸರಿಪಡಿಸುವುದು, ಎರಡೂ ಕುಡಿತ ಬಿಡಲು ಅನಾನಿಮಸ್‌ನವರು ಹಾಕಿಕೊಂಡ ಹನ್ನೆರಡು ಹೆಜ್ಜೆಗಳಲ್ಲಿವೆ. ಯಾಕೋಬನೂ ಜಕ್ಕಾಯನೂ ಅಲ್ಲಿ ಕೂತಿದ್ದಾರೆ. ನಮ್ಮ ಹುಡುಗರು ಆ ಕೂಟಕ್ಕೆ ಹೋದರೆ, ಸಭೆ ಬಿಟ್ಟು ಅಲ್ಲಿಗೆ ಯಾಕೆ ಹೋದೆ ಅಂತ ಕೇಳಬೇಡಿ.

ಕುಡಿಯದವರು ಇಷ್ಟು ಹೊತ್ತು ನೆಮ್ಮದಿಯಿಂದ ಕೂತಿದ್ದೀರಿ, ನಿಮಗೂ ಸ್ವಲ್ಪ. 'ಅಮೇಜಿಂಗ್ ಗ್ರೇಸ್' ಹಾಡು ಬರೆದ ಇಂಗ್ಲೆಂಡಿನ ಜಾನ್ ನ್ಯೂಟನ್ 1748ರಲ್ಲಿ ಬಿರುಗಾಳಿಯಲ್ಲಿ ಸಿಕ್ಕಿ ದೇವರ ಕಡೆ ತಿರುಗಿದ. ಬೈಗುಳ ಬಿಟ್ಟ, ಕುಡಿತ ಬಿಟ್ಟ. ಗುಲಾಮರನ್ನು ಸಾಗಿಸುವ ಹಡಗಿನ ಕೆಲಸ ಬಿಡಲಿಲ್ಲ. ಅದಾದ ಮೇಲೆಯೇ ಅಂಥ ಹಡಗುಗಳಿಗೆ ಕ್ಯಾಪ್ಟನ್ ಆದ. ಡೆಕ್ಕಿನ ಮೇಲೆ ಪ್ರಾರ್ಥನೆ, ಕೆಳಗೆ ಸರಪಳಿಯಲ್ಲಿ ಮನುಷ್ಯರು. 1754ರಲ್ಲಿ ಕಾಯಿಲೆಯಿಂದ ಸಮುದ್ರ ಬಿಟ್ಟ. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ, ಅಂದರೆ ತಿರುಗಿಕೊಂಡು ನಲವತ್ತು ವರ್ಷದ ಮೇಲೆ. ಎಲ್ಲರೂ ಮಾಡುವ ಪಾಪ ಅಭ್ಯಾಸವಾಗಿ ಕಾಣುವುದೇ ಇಲ್ಲ. ಮದುವೆ ಮಾತುಕತೆಯಲ್ಲಿ ಮೂಲ ಜಾತಿ ಯಾವುದು ಅಂತ ಮೆಲ್ಲಗೆ ವಿಚಾರಿಸುವುದು, ವರದಕ್ಷಿಣೆಯನ್ನು ಉಡುಗೊರೆ ಎಂದು ಕರೆಯುವುದು, ಮನೆಗೆಲಸದವಳಿಗೆ ಬೇರೆ ಲೋಟ ಇಡುವುದು. ಇವಕ್ಕೆ ಯಾರೂ ಉಪವಾಸ ಕೂಟ ಇಟ್ಟದ್ದನ್ನು ನಾನು ಕಾಣೆ.

ಬಿದ್ದವನು ಏನು ಮಾಡಬೇಕು? ಅದೇ ದಿನ ಹೇಳಬೇಕು. ಭಾನುವಾರದವರೆಗೆ ಕಾಯಬಾರದು. ಒಂದು ಲೋಟಕ್ಕೆ ಬಿದ್ದವನು, ಹೇಗೂ ಕೆಟ್ಟೆ ಎಂದು ಇಡೀ ವಾರ ಕುಡಿಯುತ್ತಾನೆ. ಆ ಒಂದು ವಾರವನ್ನು ಉಳಿಸುವುದು ಒಂದು ಫೋನ್ ಕರೆ. ಶಿಷ್ಯನಾದ ಪೇತ್ರನು ಇದ್ದಲಿನ ಬೆಂಕಿ ಹತ್ತಿರ ಯೇಸುಸ್ವಾಮಿಯನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆದ. ಪುನರುತ್ಥಾನದ ಮೇಲೆ ಸ್ವಾಮಿ ಕೆರೆದಡದಲ್ಲಿ ಇದ್ದಲಿನ ಬೆಂಕಿಯನ್ನೇ ಹಾಕಿ, ಮೀನು ಸುಟ್ಟು ಊಟ ಕೊಟ್ಟು, ಆಮೇಲೆ ಮೂರು ಸಲ ಕೇಳಿದರು, ನನ್ನನ್ನು ಪ್ರೀತಿಸುತ್ತೀಯಾ ಅಂತ. ಮೊದಲು ಊಟ, ಆಮೇಲೆ ವಿಚಾರಣೆ. ವಿಚಾರಣೆ ಮುಗಿಯುತ್ತಿದ್ದ ಹಾಗೆ ಕೆಲಸವನ್ನೂ ಕೊಟ್ಟರು, ಕುರಿಗಳನ್ನು ಮೇಯಿಸು ಎಂದು.

ಕೊನೆಗೆ ಒಬ್ಬ ಅಣ್ಣ ಚೀಟಿ ಬರೆದು ಕಳಿಸಿರುವ ಪ್ರಶ್ನೆ: "ಕುಡಿತ ಬಿಟ್ಟವನು ಪ್ರಭು ಭೋಜನದ ಪಾತ್ರೆ ತೆಗೆದುಕೊಳ್ಳಬಹುದೇ?" ಒಳ್ಳೆಯ ಪ್ರಶ್ನೆ, ಇದನ್ನು ಯಾರೂ ಕೇಳುವುದಿಲ್ಲ. ಆರಾಧನೆಯಲ್ಲಿ ಸ್ವಾಮಿಯ ನೆನಪಿಗೆ ರೊಟ್ಟಿಯ ಜೊತೆ ಕೊಡುವ ಆ ಪಾತ್ರೆಯಲ್ಲಿ ಹುಳಿಸಿದ ದ್ರಾಕ್ಷಾರಸ ಇದ್ದರೆ ಬೇಡಪ್ಪ, ಒಂದು ಗುಟುಕೂ ಬೇಡ. ರೊಟ್ಟಿ ತೆಗೆದುಕೊಂಡು ಎದ್ದು ಬಾ. ರೊಟ್ಟಿಯಲ್ಲೇ ಕ್ರಿಸ್ತ ಪೂರ್ತಿಯಾಗಿ ಇದ್ದಾರೆ ಎಂದು ಕಥೋಲಿಕರು ನೂರಾರು ವರ್ಷದಿಂದ ಬೋಧಿಸುತ್ತಾ ಬಂದಿದ್ದಾರೆ, ಅದರಲ್ಲಿ ನಿನಗೇನೂ ಕಡಿಮೆಯಾಗುವುದಿಲ್ಲ. ಆದರೆ ಅವನೊಬ್ಬನೇ ಪಾತ್ರೆ ಬಿಟ್ಟು ಏಳುವಾಗ ಪಕ್ಕದವರು ನೋಡುತ್ತಾರಲ್ಲ, ಅದಕ್ಕೂ ದಾರಿ ಇದೆ. ಅಮೆರಿಕದಲ್ಲಿ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು 1869ರಲ್ಲಿ ದ್ರಾಕ್ಷಿ ರಸವನ್ನು ಕಾಯಿಸಿ, ಹುಳಿಯದ ಹಾಗೆ ಬಾಟಲಿಯಲ್ಲಿಡುವುದನ್ನು ಕಂಡುಹಿಡಿದದ್ದೇ ಪ್ರಭು ಭೋಜನಕ್ಕೋಸ್ಕರ. ನಮ್ಮ ಮನೆಗಳಲ್ಲಿ ಹೆಂಗಸರು ಕ್ರಿಸ್ಮಸ್ಸಿಗೆ ವೈನ್ ಮಾಡುವುದಿಲ್ಲವೇ? ಅದೇ ಕರಿ ದ್ರಾಕ್ಷಿ, ನೀರು, ಒಲೆ ಮೇಲೆ ಕಾಯಿಸಿ ಸೋಸಿದರೆ ಆಯಿತು, ಹಿಂದಿನ ದಿನ ಶನಿವಾರ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಭಾನುವಾರಕ್ಕೆ ಸಾಕು. ನಮ್ಮ ಸಭೆ ನಡೆಸುವ ಪಾಸ್ಟರೇಟ್ ಕಮಿಟಿಯ ಹಿರಿಯರು ಇಲ್ಲೇ ಮುಂದೆ ಕೂತಿದ್ದಾರೆ. ಈ ತಿಂಗಳ ಮೀಟಿಂಗಿನಲ್ಲಿ ಇದನ್ನು ಅಜೆಂಡಾಕ್ಕೆ ಹಾಕಿ. ರಸ ಮಾಡಿಕೊಡುವ ಕೆಲಸ ಸ್ತ್ರೀಯರ ಸಂಘ ಒಪ್ಪಿಕೊಳ್ಳುತ್ತದೆ, ನಾನು ಆಗಲೇ ಕೇಳಿ ಬಂದಿದ್ದೇನೆ.